ಹೆಸರು ನಿಡಘಟ್ಟದ್ದು, ದಾರಿ ಯಾರದ್ದು?

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ ಮದ್ದೂರು ಸೇರುವ ಮೊದಲು, 2025ರವರೆಗೆ ರಾಮನಗರ ಜಿಲ್ಲೆಯೆನಿಸಿದ್ದ ಬೆಂಗಳೂರು ದಕ್ಷಿಣ ಜಿಲ್ಲೆ ಮುಗಿದು ಮಂಡ್ಯ ಜಿಲ್ಲೆ ಆರಂಭವಾಗುವ ಎಡೆಯಲ್ಲಿ ನಿಡಘಟ್ಟವೆಂಬ ಊರಿದೆ. ಹೆಸರಿನಲ್ಲಿ ಘಟ್ಟವಿದ್ದರೂ ಅದು ಬಯಲುಸೀಮೆಯ ಊರು. ರಾಗಿ, ತೆಂಗು, ಹಿಪ್ಪುನೇರಳೆಯ ಸೀಮೆ. ಮಲೆನಾಡಿನ ಪತ್ರಿಕೆಯೊಂದು ಮದ್ದೂರು ತಾಲೂಕಿನ ಊರಿನ ಮಾತನ್ನು ಏಕೆ ಎತ್ತಬೇಕೆಂದು ಓದುಗರು ಕೇಳಿಯಾರು. ಉತ್ತರ ಆ ರಸ್ತೆಯ ಸಂಖ್ಯೆಯಲ್ಲಿಯೇ ಇದೆ. ನಿಡಘಟ್ಟವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 275 ಮೈಸೂರಿಗೆ ಮುಗಿಯುವುದಿಲ್ಲ. ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರುಗಳ ಮೂಲಕ ಅದು ಬಂಟ್ವಾಳವನ್ನು ಮುಟ್ಟುತ್ತದೆ. ಬಯಲಿನಲ್ಲಿ ಈ ರಸ್ತೆ ಊರುಗಳೊಡನೆ ಹೇಗೆ ನಡೆದುಕೊಂಡಿತೆಂಬುದು ಆದ್ದರಿಂದ ಬೆಟ್ಟದವರಿಗೆ ಪರರ ಕಥೆಯಲ್ಲ. ಅದೇ ದಾರಿ ಹಿಡಿದು ಅದು ಘಟ್ಟ ಹತ್ತುತ್ತಿದೆ.

ಸರ್ಕಾರಿ ಕಾಗದಗಳಲ್ಲಿ ನಿಡಘಟ್ಟಕ್ಕೆ ದೊಡ್ಡ ಸ್ಥಾನವಿದೆ. 2023ರ ಮಾರ್ಚ್ 12ರಂದು ಇದೇ ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಮಂತ್ರಿಗಳು ಲೋಕಾರ್ಪಣೆ ಮಾಡಿದ ರಸ್ತೆಯ ಅಧಿಕೃತ ನಾಮಧೇಯವೇ ಬೆಂಗಳೂರು–ನಿಡಘಟ್ಟ–ಮೈಸೂರು ಷಟ್ಪಥ ಯೋಜನೆ. ಉದ್ದ 118 ಕಿ.ಮೀ., ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ಕಾಮಗಾರಿಯನ್ನು ಎರಡು ಪಾಲು ಮಾಡಿ ಗುತ್ತಿಗೆ ಕೊಡುವಾಗ ಕತ್ತರಿ ಬಿದ್ದದ್ದು ನಿಡಘಟ್ಟದಲ್ಲಿ. ಬೆಂಗಳೂರಿನ ಕಡೆಯ 18ನೆಯ ಕಿಲೋಮೀಟರಿನಿಂದ 74.200ರವರೆಗೆ ಮೊದಲ ಪಾಲು, ಅಲ್ಲಿಂದ ಮೈಸೂರಿನವರೆಗೆ ಎರಡನೆಯದು. ಟೆಂಡರಿನಲ್ಲಿ ಈ ಊರಿನ ಹೆಸರಿದೆ, ಸುಂಕದ ಅಧಿಸೂಚನೆಯಲ್ಲಿದೆ, ಪತ್ರಿಕೆಗಳ ವರದಿಗಳಲ್ಲಿದೆ. ಮದ್ದೂರು ತಾಲೂಕಿನಲ್ಲಿ ಇಷ್ಟು ಬಾರಿ ಅಚ್ಚಾದ ಹೆಸರು, ವಡೆಯೊಂದನ್ನು ಬಿಟ್ಟರೆ, ಬೇರೊಂದಿರಲಾರದು. ಆದರೆ ಆ ಕಾಗದಗಳಲ್ಲಿ ನಿಡಘಟ್ಟವೆಂದರೆ ಮನೆ, ಹೊಲ, ಶಾಲೆ, ಡೈರಿಗಳಿರುವ ಊರಲ್ಲ. ಅಳತೆಯ ಸರಪಳಿ ಎಲ್ಲಿ ತುಂಡಾಗುತ್ತದೆಂದು ತೋರಿಸುವ ಒಂದು ಗುರುತು, 74.200.

ಊರೊಂದು ಅಂಕಿಯಾದ ಬಗೆಯನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ರಾಜ್ಯ ಹೆದ್ದಾರಿಯಾಗಿದ್ದ ಕಾಲ

ಈ ರಸ್ತೆ ಬಹುಕಾಲ ರಾಜ್ಯ ಹೆದ್ದಾರಿ 17 ಆಗಿತ್ತು. ಎರಡು ಬದಿಗೂ ಮರಗಳ ನೆರಳು, ಊರಿನ ನಡುವೆಯೇ ದಾರಿ, ದಾರಿಗೆ ಮುಖ ಮಾಡಿದ ಅಂಗಡಿ ಮನೆಗಳು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ ಮತ್ತು ಎಳನೀರು ಬಾಳಿದ್ದು ಈ ದಾರಿಯಲ್ಲಿ ನಿಂತು ಹೋಗುವವರಿಂದ. ಹೊಲದ ಗಾಡಿ, ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡು, ರೇಷ್ಮೆಗೂಡು ಹೊತ್ತು ರಾಮನಗರದ ಮಾರುಕಟ್ಟೆಗೆ ಓಡುವ ಆಟೋ, ಕಬ್ಬು ತುಂಬಿದ ಟ್ರಾಕ್ಟರು ಇವೆಲ್ಲ ಬಸ್ಸು ಲಾರಿಗಳ ಜೊತೆಗೇ ಸಾಗುತ್ತಿದ್ದವು. ಅಂದಿನ ದಾರಿಯನ್ನು ಸ್ವರ್ಗವೆನ್ನಬೇಕಾಗಿಲ್ಲ. ಅಪಘಾತಗಳಾಗುತ್ತಿದ್ದವು, ಪಟ್ಟಣಗಳಲ್ಲಿ ವಾಹನಗಳು ಗಂಟೆಗಟ್ಟಲೆ ನಿಲ್ಲುತ್ತಿದ್ದವು. ಆದರೂ ರಸ್ತೆ ಯಾರದೆಂಬ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ಅದರ ಬದಿಯಲ್ಲಿ ಬಾಳುವವರು ಅದನ್ನು ಅಂಗಳದಂತೆ ಬಳಸುತ್ತಿದ್ದರು.

2000ರ ದಶಕದ ಮೊದಲ ವರ್ಷಗಳಲ್ಲಿ ರಾಜ್ಯ ಸರ್ಕಾರ ಇದನ್ನು ಚತುಷ್ಪಥವಾಗಿಸಿತು. ನಿಡಘಟ್ಟಕ್ಕೂ ಮದ್ದೂರಿಗೂ ನಡುವಿನ ಸೋಮನಹಳ್ಳಿಯವರೇ ಆದ ಎಸ್.ಎಂ. ಕೃಷ್ಣ 1999ರಿಂದ 2004ರವರೆಗೆ ಮುಖ್ಯಮಂತ್ರಿಗಳಾಗಿದ್ದರೆಂಬುದು ಇಲ್ಲಿ ನೆನಪಾಗುತ್ತದೆ. ಅಗಲೀಕರಣಕ್ಕೆ ಹಳೆಯ ಆಲ, ಹುಣಸೆಗಳು ಉರುಳಿದವು. ನೆರಳು ಹೋಯಿತು; ದಾರಿ ಮಾತ್ರ ಊರಿನೊಳಗೇ ಉಳಿಯಿತು. ಅಂದು ಮರಗಳಿಗಾಗಿ ಮರುಗಿದವರಿಗೆ ಆಳುವವರು ಹೇಳಿದ ಸಮಾಧಾನ, ಇನ್ನು ಹಲವು ದಶಕ ಈ ರಸ್ತೆಯನ್ನು ಮುಟ್ಟಬೇಕಾಗಿಲ್ಲವೆಂಬಂತಿತ್ತು. ಎರಡು ದಶಕ ತುಂಬುವುದರೊಳಗೆ ಅದೇ ರಸ್ತೆಯ ಮಗ್ಗುಲನ್ನು ಮತ್ತೆ ಅಗೆಯಲಾಯಿತು.

ಇದೇ ಎರಡು ನಗರಗಳ ನಡುವೆ ಇನ್ನೊಂದು ರಸ್ತೆಯ ಕಥೆಯೂ ಇದೆ. 1995ರಲ್ಲಿ ಮಾತುಕತೆಯಾಗಿ 1997ರ ಏಪ್ರಿಲ್‌ನಲ್ಲಿ ಚೌಕಟ್ಟು ಒಪ್ಪಂದಕ್ಕೆ ಸಹಿ ಬಿದ್ದ ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರಿಗೆ ಗೊತ್ತುಮಾಡಿದ ಭೂಮಿ 20,193 ಎಕರೆ. ಅದರಲ್ಲಿ 13,237 ಎಕರೆ ರೈತರದು. 111 ಕಿ.ಮೀ. ಎಕ್ಸ್‌ಪ್ರೆಸ್ ರಸ್ತೆ, ಅದರ ಉದ್ದಕ್ಕೂ ಹೊಸ ಪಟ್ಟಣಗಳು ಎಂಬುದು ಅಂದಿನ ಕನಸು. ಬೆಂಗಳೂರಿನ ಸುತ್ತಲಿನ ರಸ್ತೆ ಆಯಿತು, ಸುಂಕದ ಕಟ್ಟೆಗಳಾದವು. ಮೈಸೂರಿಗೆ ಹೋಗಬೇಕಾಗಿದ್ದ ದಾರಿ ಮೈಸೂರನ್ನು ಸೇರಲಿಲ್ಲ. ಮಾರಲೂ ಆಗದೆ, ನೆಮ್ಮದಿಯಿಂದ ಉಳಲೂ ಆಗದೆ ರೈತರು ವರ್ಷಾನುಗಟ್ಟಲೆ ನ್ಯಾಯಾಲಯಗಳ ಮೆಟ್ಟಿಲು ಸವೆಸಿದರು. ಇದರ ನಡುವೆ, 1882ರ ಹೊತ್ತಿಗೇ ಮೈಸೂರು ಮುಟ್ಟಿದ್ದ ರೈಲುಹಾದಿ ಜೋಡಿಯಾಯಿತು, ವಿದ್ಯುದೀಕರಣಗೊಂಡಿತು. ಆ ಜೋಡಿಹಾದಿಯಲ್ಲಿ ಇನ್ನಷ್ಟು ಹಳ್ಳಿಯ ರೈಲುಗಳನ್ನು ಓಡಿಸಿ, ನಿಡಘಟ್ಟದ ವಿದ್ಯಾರ್ಥಿ ಮಂಡ್ಯಕ್ಕೋ ರಾಮನಗರಕ್ಕೋ ಹೊತ್ತಿಗೆ ಸರಿಯಾಗಿ ಮುಟ್ಟುವಂತೆ ಮಾಡಿದ ಮೇಲೆ ಎಷ್ಟು ಅಗಲದ ರಸ್ತೆ ಬೇಕಾದೀತೆಂಬ ಲೆಕ್ಕ ಮೊದಲು ಆಗಬೇಕಿತ್ತು.

ಹಾಗಾಗದೆ ಮೊದಲು ರಸ್ತೆಯ ಅಂಕಿ ಬದಲಾಯಿತು. 17 ಹೋಗಿ 275 ಬಂತು. ರಾಜ್ಯದ್ದು ರಾಷ್ಟ್ರದ್ದಾಯಿತು. ಕಿಲೋಮೀಟರು ಕಲ್ಲಿನ ಮೇಲಿನ ಬಣ್ಣದ ಬದಲಾವಣೆಯೆಂದು ಹಳ್ಳಿಯವರು ಅದನ್ನು ಲೆಕ್ಕಿಸಲಿಲ್ಲ. ಆದರೆ ನಿರ್ಧಾರ ತೆಗೆದುಕೊಳ್ಳುವ ಕುರ್ಚಿ ಅಂದೇ ಮಂಡ್ಯ, ಬೆಂಗಳೂರುಗಳಿಂದ ದೆಹಲಿಗೆ ಹೋಗಿತ್ತು. ಮೈಸೂರಿನಿಂದ ಬಂಟ್ವಾಳಕ್ಕೆ ಹೋಗುವ ದಾರಿಯೂ ಒಂದು ಕಾಲಕ್ಕೆ ರಾಜ್ಯ ಹೆದ್ದಾರಿ 88 ಆಗಿತ್ತೆಂಬುದನ್ನು ಕೊಡಗಿನ ಹಿರಿಯರು ಮರೆತಿರಲಾರರು.

ಯಾರಿಗೆ ಎಷ್ಟು ನಿಮಿಷ

ಲೋಕಾರ್ಪಣೆಯ ದಿನ ಸರ್ಕಾರ ಕೊಟ್ಟ ಹೆಮ್ಮೆಯ ಲೆಕ್ಕ ಇದು: ಬೆಂಗಳೂರಿನಿಂದ ಮೈಸೂರಿಗೆ ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತದೆ. ನಿಡಘಟ್ಟದಿಂದ ಮದ್ದೂರಿನ ಆಸ್ಪತ್ರೆಗೆ ಎಷ್ಟು ನಿಮಿಷವೆಂಬುದು ಆ ಪ್ರಕಟಣೆಯಲ್ಲಿರಲಿಲ್ಲ. ಇರಲು ಕಾರಣವೂ ಇರಲಿಲ್ಲ. ನಡುವಿನ ಆರು ಪಥ ವೇಗದವರಿಗೆ, ಇಕ್ಕೆಲದ ಎರಡೆರಡು ಪಥದ ಸರ್ವಿಸ್ ರಸ್ತೆ ಊರಿನವರಿಗೆ ಎಂದು ವಿಭಾಗವಾಗಿತ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ದಾರಿ ಹೊರಗಿನಿಂದ ಬಳಸಿತು. ಮದ್ದೂರಿನಲ್ಲಿ ಪಟ್ಟಣದ ತಲೆಯ ಮೇಲೆ ಹಾರಿತು. ಇಡ್ಲಿ, ಬೊಂಬೆ, ವಡೆಗಳ ಅಂಗಡಿಯವರು ಗಿರಾಕಿಗಳನ್ನು ಕಾದು ಕುಳಿತರು.

ಸರ್ವಿಸ್ ರಸ್ತೆ ಪೂರ್ತಿಯಾಗುವ ಮುನ್ನವೇ, ಲೋಕಾರ್ಪಣೆಯ ಎರಡನೆಯ ದಿನಕ್ಕೆ, ಅಂದರೆ ಮಾರ್ಚ್ 14ಕ್ಕೆ, ಬೆಂಗಳೂರು–ನಿಡಘಟ್ಟ ಪಾಲಿನ ಸುಂಕ ವಸೂಲಿ ಆರಂಭವಾಯಿತು. ಕಾರಿಗೆ ಒಂದು ಬಾರಿಗೆ 135 ರೂಪಾಯಿ. ಜುಲೈ 1ರಿಂದ ಶ್ರೀರಂಗಪಟ್ಟಣದ ಬಳಿಯ ಗಣಂಗೂರಿನಲ್ಲಿ ನಿಡಘಟ್ಟ–ಮೈಸೂರು ಪಾಲಿನದು. ಪ್ರತಿಭಟನೆಗಳು ನಡೆದವು, ಸರ್ವಿಸ್ ರಸ್ತೆಯನ್ನು ಮೊದಲು ಮುಗಿಸಿ ಆಮೇಲೆ ಕೈಚಾಚಿರೆಂಬುದು ಅವುಗಳ ಸರಳ ಬೇಡಿಕೆಯಾಗಿತ್ತು.

ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಸ್ಕೂಟರು, ಆಟೋ, ಟ್ರಾಕ್ಟರು, ಎತ್ತಿನ ಗಾಡಿ, ಸೈಕಲ್ಲುಗಳನ್ನು ಮುಖ್ಯ ಪಥದಿಂದ ನಿಷೇಧಿಸಲಾಯಿತು. ಈ ನಿಷೇಧವನ್ನು ಕುರಿತು ಪ್ರಾಮಾಣಿಕವಾಗಿ ಮಾತನಾಡಬೇಕು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಈ ರಸ್ತೆಯಲ್ಲಿ ಸತ್ತವರ ಸಂಖ್ಯೆ ಪೊಲೀಸ್ ಇಲಾಖೆಯ ಹಿರಿಯ ಅಧಿಕಾರಿಗಳೇ ದಾರಿಗಿಳಿದು ತಪಾಸಣೆ ಮಾಡುವಷ್ಟಿತ್ತು. ಗಂಟೆಗೆ ನೂರು ಕಿಲೋಮೀಟರಿನ ಕಾರು ಮತ್ತು ಇಪ್ಪತ್ತು ಕಿಲೋಮೀಟರಿನ ಟ್ರಾಕ್ಟರು ಒಂದೇ ಪಥದಲ್ಲಿ ಸಾಗಿದರೆ ಸಾವು ಖಚಿತ. ನಿಷೇಧದಿಂದ ಜೀವಗಳು ಉಳಿದಿವೆ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ವೇಗಕ್ಕೆ ಎಡೆ ಮಾಡಿಕೊಡಲು ಹೊರಗೆ ಹೋದವರು ಯಾರೆಂದು ನೋಡಬೇಕು. ಆ ದಾರಿ ಯಾರ ಹೊಲಗಳ ಮೇಲೆ ಹಾಸಿದೆಯೋ ಅವರ ಮನೆಯಲ್ಲಿರುವುದು ಕಾರಲ್ಲ, ಬೈಕು ಮತ್ತು ಟ್ರಾಕ್ಟರು. ಸುಂಕದ ನಿಯಮಗಳ ಪ್ರಕಾರ ಬೈಕಿಗೆ ಸುಂಕವಿಲ್ಲ. ಸುಂಕ ಕೊಡದವರು ಬದಿಗೆ ಸರಿದರು, ಸುಂಕ ಕೊಡುವವರು ನಡುವೆ ಉಳಿದರು. ಹೀಗಿರುವಾಗ ಸರ್ವಿಸ್ ರಸ್ತೆ ಊರಿನ ಜನರಿಗೆ ಉಳಿದ ಒಂದೇ ದಾರಿ. ಅದನ್ನು ಕೊನೆಯ ಕೆಲಸವೆಂದು ಹಿಂದಕ್ಕೆ ತಳ್ಳಿದ್ದೇ ಈ ಯೋಜನೆಯ ಮನೋಧರ್ಮಕ್ಕೆ ಸಾಕ್ಷಿ.

ಚರಂಡಿಗೆ ಬಿದ್ದ ಮಣ್ಣು

ನಿಡಘಟ್ಟಕ್ಕೆ ಸುಮಾರು 30 ಕಿ.ಮೀ. ಮೊದಲು, ರಾಮನಗರದ ಬಳಿ, ಲೋಕಾರ್ಪಣೆಯಾಗಿ ಒಂದು ವಾರ ತುಂಬುವ ಮೊದಲೇ ನಡೆದ ಘಟನೆಯೊಂದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು; ಇಡೀ ವ್ಯಾಜ್ಯ ಅದರಲ್ಲಿ ಅಡಗಿದೆ.

2023ರ ಮಾರ್ಚ್ 17ರ ರಾತ್ರಿಯ ಮಳೆಗೆ ಹೊಸ ರಸ್ತೆಯ ಕೆಳಸೇತುವೆಯ ಎಡೆಯಲ್ಲಿ ನೀರು ನಿಂತಿತು. ಬೇಸಿಗೆಯ ಮಳೆಗೇ ಹೀಗಾದದ್ದನ್ನು ಕಂಡು ನಾಡೆಲ್ಲ ನಕ್ಕಿತು. ಹೆದ್ದಾರಿ ಪ್ರಾಧಿಕಾರ ವಿವರಣೆ ಕೊಟ್ಟಿತು: ಮಾದಾಪುರ ಮತ್ತು ಸುತ್ತಲಿನ ಹಳ್ಳಿಯವರು ತಮ್ಮ ಹೊಲ ಮನೆಗಳಿಗೆ ಹತ್ತಿರದ ದಾರಿ ಮಾಡಿಕೊಳ್ಳಲು ಮೂರು ಮೀಟರು ಅಗಲದ ಚರಂಡಿಗೆ ಮಣ್ಣು ತುಂಬಿದ್ದರು, ಅದರಿಂದ ನೀರು ಹರಿಯದೆ ರಸ್ತೆಗೆ ಬಂತು. ಮಣ್ಣು ತೆಗೆದು, ಹಳ್ಳಿಯವರಿಗಾಗಿ ಅಲ್ಲಿ ಕೊಳವೆ ಹಾಕಿಕೊಡುವ ಏರ್ಪಾಡು ಮಾಡುವುದಾಗಿಯೂ ಅದು ಹೇಳಿತು.

ವಿವರಣೆಯನ್ನು ಅಕ್ಷರಶಃ ನಂಬೋಣ. ಆಗ ಕೇಳಬೇಕಾದ ಪ್ರಶ್ನೆ ಒಂದೇ. ರೈತನೊಬ್ಬ ತನ್ನ ಹೊಲಕ್ಕೆ ಹೋಗಲು ಮೂರು ಮೀಟರಿನ ಚರಂಡಿಯನ್ನು ಮಣ್ಣು ಹೊತ್ತು ತುಂಬಬೇಕಾಗಿ ಬಂದದ್ದೇಕೆ? ತುಂಬುವುದಕ್ಕೆ ಮುಂಚೆ ಅವನಿಗೆ ಅಲ್ಲಿ ದಾರಿಯಿರಲಿಲ್ಲ. ಅವನ ಅಜ್ಜನ ಕಾಲದಿಂದ ಗಾಡಿ ಹೋಗುತ್ತಿದ್ದ ಹಾದಿ ಎಲ್ಲಿ ಕಡಿಯಿತೆಂದು ವಿನ್ಯಾಸ ಮಾಡಿದವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಅದನ್ನು ದಾರಿಯೆಂದು ಎಣಿಸಲಿಲ್ಲ. 8,480 ಕೋಟಿಯ ಯೋಜನೆಯಲ್ಲಿ ಒಂದೆರಡು ಸಾಲು ಕೊಳವೆಗೆ ಹಣವಿರಲಿಲ್ಲವೆಂದು ಯಾರೂ ಹೇಳಲಾರರು. ಕೇಳಿದ್ದರೆ ಒಂದು ಮಧ್ಯಾಹ್ನದಲ್ಲಿ ಊರಿನ ಯಾವ ಹುಡುಗನಾದರೂ ಜಾಗ ತೋರಿಸುತ್ತಿದ್ದ. ಕೊಳವೆಯ ಮಾತು ಬರಬೇಕಾದರೆ ಹೆದ್ದಾರಿಯೇ ಮುಳುಗಬೇಕಾಯಿತು. ಮುಳುಗಿದ ಮೇಲೂ ಹಳ್ಳಿಯವರೇ ಆರೋಪಿಗಳಾದರು.

ಅದಕ್ಕೂ ಮುನ್ನ, 2022ರ ಆಗಸ್ಟ್ ಕೊನೆಯಲ್ಲಿ, ಕೆರೆಕಟ್ಟೆಗಳು ತುಂಬಿ ಒಡೆದಾಗ ರಾಮನಗರ–ಚನ್ನಪಟ್ಟಣಗಳ ನಡುವೆ ಇದೇ ಹೆದ್ದಾರಿ ಜಲಾವೃತವಾಗಿತ್ತು. ಬಯಲುಸೀಮೆಯಲ್ಲಿ ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ತುಂಬುವ ಸರಣಿಯಿದೆ. ಅದಕ್ಕೆ ಅಡ್ಡಲಾಗಿ ಎತ್ತರಿಸಿ ಕಟ್ಟಿದ ರಸ್ತೆ ನೀರಿನ ಪಾಲಿಗೆ ಒಂದು ಏರಿಯೇ. ಕೆರೆ ಕಟ್ಟುವವರು ಏರಿಗೆ ಮೊದಲ ಪುಟ್ಟಿ ಮಣ್ಣು ಹಾಕುವ ಮುನ್ನ ತೂಬು ಎಲ್ಲಿ, ಕೋಡಿ ಎಲ್ಲಿ ಎಂದು ಗೊತ್ತುಮಾಡುತ್ತಿದ್ದರು. ನೂರು ಕಿಲೋಮೀಟರಿಗೂ ಉದ್ದದ ಏರಿ ಕಟ್ಟಿದವರಿಗೆ ಮಣ್ಣೊಡ್ಡರ ಆ ವಿವೇಕ ಸಾಲದೆ ಹೋಯಿತು.

ಉದ್ದನೆಯ ಯೋಜನೆಗಳಿಗೆ ಉದ್ದನೆಯ ರಿಯಾಯಿತಿ

ಇಂಥ ಒಂದು ಮಧ್ಯಾಹ್ನದ ಮಾತುಕತೆಗೆ ಕಾನೂನಿನಲ್ಲಿ ಜಾಗವಿಲ್ಲವೇ? ಇದೆ, ಆದರೆ ಅತಿ ಕಿರಿದಾದ ಜಾಗ. ರಾಷ್ಟ್ರೀಯ ಹೆದ್ದಾರಿಗೆ ಭೂಮಿ ಹೋಗುವುದು 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಯಡಿ. ಅದರ 3ಎ ಕಲಮಿನಂತೆ ಸರ್ಕಾರ ತನ್ನ ಇರಾದೆಯನ್ನು ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಸಾರಾಂಶ ಬರಬೇಕು, ಒಂದು ಊರಿನವರ ಭಾಷೆಯಲ್ಲಿರಬೇಕು. ಅಲ್ಲಿಂದ 21 ದಿನಗಳೊಳಗೆ ಆ ಭೂಮಿಯಲ್ಲಿ ಹಿತಾಸಕ್ತಿಯುಳ್ಳವರು 3ಸಿ ಕಲಮಿನಡಿ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಆಮೇಲೆ 3ಡಿ ಘೋಷಣೆ ಹೊರಬಿದ್ದೊಡನೆ ಭೂಮಿ ಕೇಂದ್ರ ಸರ್ಕಾರಕ್ಕೆ ಸೇರಿತು.

ಇಲ್ಲಿ ಗಮನಿಸಬೇಕಾದದ್ದು ‘ಹಿತಾಸಕ್ತಿಯುಳ್ಳವರು’ ಎಂಬ ಮಾತು. ಎಕರೆ ಕಳೆದುಕೊಳ್ಳುವವನಿಗೆ ನೋಟೀಸು, ಆಕ್ಷೇಪಣೆ, ಪರಿಹಾರಗಳಿವೆ. ಎಕರೆ ಉಳಿದು ಅದಕ್ಕೆ ಹೋಗುವ ಹಾದಿ ಕಳೆದುಕೊಳ್ಳುವವನಿಗೆ ಏನಿದೆ? ಊರ ಬಾವಿಗೆ, ಸ್ಮಶಾನಕ್ಕೆ, ಶಾಲೆಗೆ ಸುತ್ತು ಹೊಡೆಯಬೇಕಾದವರಿಗೆ ಏನಿದೆ? ಮಲೆನಾಡಿನಲ್ಲಿ ಈ ಪ್ರಶ್ನೆ ಇನ್ನೂ ತೀವ್ರ. ಸೊಪ್ಪಿನಬೆಟ್ಟ, ಕಾನು, ಬಾಣೆ, ಗೋಮಾಳಗಳಲ್ಲಿ ಜನರಿಗೆ ಬಳಕೆಯ ಹಕ್ಕಿದೆ, ಕೈಯಲ್ಲಿ ಪಹಣಿ ಇಲ್ಲ. ರಾಜ್ಯಪತ್ರದ ಸರ್ವೆ ನಂಬರುಗಳ ಪಟ್ಟಿಯಲ್ಲಿ ಅವರ ಹೆಸರನ್ನು ಹುಡುಕಿದರೆ ಸಿಗುವುದು ‘ಸರ್ಕಾರಿ’ ಎಂಬ ಒಂದೇ ಪದ.

ಉಳಿದ ಬಾಗಿಲುಗಳು ಒಂದೊಂದಾಗಿ ಮುಚ್ಚಿದ್ದು 2013ರಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ, ರಸ್ತೆ ಕಾಲುವೆಗಳಂಥ ಉದ್ದನೆಯ ಯೋಜನೆಗಳಿಗೆ ಅರಣ್ಯಭೂಮಿ ಕೊಡುವಾಗ ಅರಣ್ಯಹಕ್ಕು ಕಾಯಿದೆಯಡಿ ಬೇಕಾಗಿದ್ದ ಗ್ರಾಮಸಭೆಯ ಒಪ್ಪಿಗೆಯಿಂದ ಬಹುಮಟ್ಟಿಗೆ ವಿನಾಯಿತಿ ಕೊಟ್ಟಿತು. ಆಗಸ್ಟ್‌ನಲ್ಲಿ, ಹೆದ್ದಾರಿಯ ವಿಸ್ತರಣೆಗೆ ಪರಿಸರ ಅನುಮತಿ ಬೇಕಾಗುವ ಉದ್ದದ ಮಿತಿಯನ್ನು 30 ಕಿ.ಮೀ.ಗಳಿಂದ 100 ಕಿ.ಮೀ.ಗಳಿಗೆ ಏರಿಸಿತು. ಅದೇ ವರ್ಷದ ಹೊಸ ಭೂಸ್ವಾಧೀನ ಕಾಯಿದೆ, ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡಿದರೂ ಹೆದ್ದಾರಿ ಕಾಯಿದೆಯನ್ನು ಅದರ ಹೊರಗಿಟ್ಟಿತು. 2015ರಿಂದ ಪರಿಹಾರದ ಲೆಕ್ಕಾಚಾರ ಮಾತ್ರ ಹೆದ್ದಾರಿಗೂ ಅನ್ವಯವಾಯಿತು. ಹಣ ಹೆಚ್ಚಾಯಿತು, ಮಾತು ಕಡಿಮೆಯಾಯಿತು. ಮಂಡ್ಯದ ರೈತನಿಗೆ ಎಕರೆಗೆ ಎಷ್ಟು ಬಂತೆಂಬ ಚರ್ಚೆ ನಡೆಯುವಷ್ಟು, ದಾರಿ ಎಲ್ಲಿ ಹಾಯಬೇಕೆಂಬ ಚರ್ಚೆ ನಡೆಯದಿರುವುದರ ಮೂಲ ಇಲ್ಲಿದೆ.

ಮಿತಿಯನ್ನು ಏರಿಸಿದರೆ ಏನಾಗುತ್ತದೆಂಬುದಕ್ಕೆ ಹಿಮಾಲಯದ ಉದಾಹರಣೆಯಿದೆ. ಉತ್ತರಾಖಂಡದ ಚಾರ್‌ಧಾಮ್ ಹೆದ್ದಾರಿ ಹೆಚ್ಚು ಕಡಿಮೆ 900 ಕಿ.ಮೀ. ಅದನ್ನು 53 ತುಂಡುಗಳಾಗಿ ಕತ್ತರಿಸಲಾಯಿತು. ಪ್ರತಿಯೊಂದು ತುಂಡೂ ನೂರರೊಳಗೆ. ಹಾವನ್ನು ಗೇಣುಗೇಣಾಗಿ ಅಳೆದು ಇದು ಎರೆಹುಳು ಎಂದ ಹಾಗಾಯಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ತಜ್ಞರ ಸಮಿತಿ ಬಂದು, 2021ರ ಡಿಸೆಂಬರ್‌ನಲ್ಲಿ ರಕ್ಷಣೆಯ ಕಾರಣದಿಂದ ಅಗಲದ ರಸ್ತೆಗೇ ಒಪ್ಪಿಗೆ ದೊರೆಯುವ ಹೊತ್ತಿಗೆ ಬೆಟ್ಟಗಳ ಬದಿಯನ್ನು ಬಹುಪಾಲು ಕಡಿದು ಆಗಿತ್ತು.

ಘಟ್ಟ ಹತ್ತುವ 275

ಗೆಜ್ಜಲಗೆರೆಯ ಅದೇ ಸಮಾರಂಭದಲ್ಲಿ, ಅದೇ ದಿನ, ಮೈಸೂರು–ಕುಶಾಲನಗರ ಚತುಷ್ಪಥ ಹೆದ್ದಾರಿಗೆ ಶಂಕುಸ್ಥಾಪನೆಯಾಯಿತು. 92 ಕಿ.ಮೀ., ಸುಮಾರು 4,130 ಕೋಟಿ. ನೂರರ ಮಿತಿಯ ಪಕ್ಕದಲ್ಲಿ 92 ಎಂಬ ಅಂಕಿಯನ್ನು ಇಟ್ಟು ನೋಡುವ ಕೆಲಸ ಓದುಗರದು. ಕುಶಾಲನಗರ–ಬೆಂಗಳೂರು ಪ್ರಯಾಣ ಐದು ಗಂಟೆಯಿಂದ ಎರಡೂವರೆ ಗಂಟೆಗೆ ಇಳಿಯುತ್ತದೆಂಬುದು ಇಲ್ಲಿನ ಘೋಷಣೆ. ಹುಣಸೂರಿನ ತಂಬಾಕು ಬೆಳೆಗಾರನೋ ಕುಶಾಲನಗರದ ಶುಂಠಿ ವ್ಯಾಪಾರಿಯೋ ಬೆಂಗಳೂರಿಗೆ ಎರಡೂವರೆ ಗಂಟೆಯಲ್ಲಿ ಮುಟ್ಟಬೇಕೆಂದು ಕೇಳಿದ್ದು ಯಾವಾಗ? ವಾರಾಂತ್ಯದ ಕಾರುಗಳು ಕೊಡಗಿಗೆ ಬರುವ ಸಮಯದ ಲೆಕ್ಕ ಇದು. ಬಂದ ಕಾರುಗಳು ಕುಶಾಲನಗರದಲ್ಲಿ ನಿಲ್ಲುವುದಿಲ್ಲ. ಚತುಷ್ಪಥದಲ್ಲಿ ಬಂದ ವಾಹನಗಳ ಸಾಲು ಮಡಿಕೇರಿಯ ತಿರುವುಗಳಲ್ಲಿ ಸಿಕ್ಕಿಕೊಂಡಾಗ, ಮುಂದಿನ ಅಗಲೀಕರಣಕ್ಕೆ ಆ ಸಾಲೇ ವಾದವಾಗುತ್ತದೆ.

ಮಡಿಕೇರಿಯಿಂದ ಮುಂದೆ ಇದೇ 275 ಏನಾಯಿತೆಂಬುದನ್ನು ಬೆಟ್ಟದವರಿಗೆ ಹೇಳಬೇಕಾಗಿಲ್ಲ. 2018ರ ಆಗಸ್ಟ್ ಮಳೆಯಲ್ಲಿ ಮದೆನಾಡು, ಜೋಡುಪಾಲ, ಸಂಪಾಜೆಗಳ ನಡುವೆ ದಾರಿ ಕುಸಿದು ಸಂಚಾರ ಕಡಿದು ಹೋಯಿತು. ಮನೆಗಳೂ ತೋಟಗಳೂ ಮಣ್ಣಿನ ಜೊತೆ ಇಳಿದವು. ಮಳೆ ಅಸಾಧಾರಣವಾಗಿತ್ತು, ನಿಜ. ಆದರೆ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ತಜ್ಞರು ಇಳಿಜಾರುಗಳನ್ನು ಮನುಷ್ಯರು ಕಡಿದು ಬದಲಿಸಿದ್ದನ್ನೂ ಕಾರಣವೆಂದು ಬೊಟ್ಟು ಮಾಡಿದರು. ಹೆದ್ದಾರಿ 75ರಲ್ಲಿ ಸಕಲೇಶಪುರದ ದೋಣಿಗಾಲ್ 2021ರಲ್ಲಿ ಕುಸಿಯಿತು, 2022ರಲ್ಲಿ ಕುಸಿಯಿತು, 2024ರಲ್ಲಿ ಮತ್ತೆ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ಕ್ಕಾಗಿ ಕಡಿದ ಗುಡ್ಡ ಜಾರಿ, ರಸ್ತೆಬದಿಯ ಚಹಾದಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಅಂಗಡಿಯ ಒಂದು ಕುಟುಂಬವೇ ಅಳಿಯಿತು. ಕೇರಳದ ಲಾರಿ ಚಾಲಕನ ದೇಹ ನದಿಯಿಂದ ಸಿಗಲು ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕಾಯಿತು.

ಮಲೆನಾಡಿನ ಯಾವ ಹೆಂಗಸನ್ನು ಕೇಳಿದರೂ ಮನೆಯ ಹಿಂದಿನ ಧರೆಯನ್ನು ನೆಟ್ಟಗೆ ಕಡಿಯಬಾರದು, ಮಳೆಗಾಲಕ್ಕೆ ಮುನ್ನ ಮೇಲಿನ ಅಗಳನ್ನು ಬಿಡಿಸಬೇಕೆಂದು ಹೇಳುತ್ತಾಳೆ. ಧರೆಯನ್ನು ಮೆಟ್ಟಿಲಾಗಿ ಇಳಿಸಲು ಜಾಗ ಬೇಕು, ಜಾಗಕ್ಕೆ ಭೂಮಿ ಬೇಕು, ಭೂಮಿಗೆ ಹಣ ಬೇಕು. ಆ ಹಣವನ್ನು ಉಳಿಸಲು ಗುಡ್ಡವನ್ನು ಗೋಡೆಯಂತೆ ಕೊಯ್ಯಲಾಗುತ್ತದೆ. ನಿಡಘಟ್ಟದ ಬಯಲಿನಲ್ಲಿ ರಸ್ತೆಯ ತಪ್ಪು ನೀರಾಗಿ ನಿಂತಿತು, ಬಳಿಕ ಇಂಗಿತು. ಇಳಿಜಾರಿನಲ್ಲಿ ಅದೇ ತಪ್ಪು ಮಣ್ಣಾಗಿ ಇಳಿಯುತ್ತದೆ.

ರಸ್ತೆ ಬಾಗಬಲ್ಲದು

ಇಷ್ಟು ಹೇಳಿದೊಡನೆ ಬರುವ ಉತ್ತರ ಗೊತ್ತಿರುವುದೇ: ತಾಂತ್ರಿಕ ಕಾರಣಗಳಿಂದ ಮಾರ್ಗವನ್ನು ಬದಲಿಸಲಾಗದು. ಇದು ಸುಳ್ಳೆಂದು ಇದೇ ಸೀಮೆಯಲ್ಲಿ ಎರಡು ಬಾರಿ ರುಜುವಾತಾಗಿದೆ. ರೈಲುಹಾದಿ ಜೋಡಿಯಾಗುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಯೊಂದು ಅಡ್ಡ ಬಂತು. 2017ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಬುಡದಿಂದ ಎತ್ತಿ ದೂರಕ್ಕೆ ಸರಿಸಿ ಇಡಲಾಯಿತು. ಇಟ್ಟಿಗೆ ಗಾರೆಯ ಕಟ್ಟಡವನ್ನೇ ನಡೆಸಬಲ್ಲ ಎಂಜಿನಿಯರಿಗೆ ಒಂದು ಮೋರಿಯನ್ನು ಐವತ್ತು ಮೀಟರು ಸರಿಸುವುದು ಅಸಾಧ್ಯವೇ?

ಎರಡನೆಯದು ರಾಜ್ಯ ಹೆದ್ದಾರಿಯೊಂದರದು. ಬಾಗೇಪಲ್ಲಿಯಿಂದ ಮಳವಳ್ಳಿ ತಾಲೂಕಿನ ಹಲಗೂರಿಗೆ ಬರುವ ರಸ್ತೆಯ ಅಗಲೀಕರಣಕ್ಕೆ ಮಾಗಡಿ ತಾಲೂಕಿನ ಹುಲಿಕಲ್–ಕುದೂರು ನಡುವೆ ಸಾಲುಮರದ ತಿಮ್ಮಕ್ಕ ನೆಟ್ಟು ನೀರೆರೆದ 385 ಆಲದ ಮರಗಳಿಗೆ ಕುತ್ತು ಬಂದಿತ್ತು. 2019ರ ಜೂನ್‌ನಲ್ಲಿ ತಿಮ್ಮಕ್ಕ ಸರ್ಕಾರದ ಬಾಗಿಲಿಗೆ ಹೋದರು. ಮರಗಳನ್ನು ಕಡಿಯುವುದಿಲ್ಲ, ಬೇರೆ ದಾರಿ ನೋಡುತ್ತೇವೆಂದು ಮುಖ್ಯಮಂತ್ರಿ ಕುಮಾರಸ್ವಾಮಿಯವರು ಭರವಸೆ ಕೊಟ್ಟರು. ಕಾಗದದ ಮೇಲೆ ಅಲುಗಾಡದಂತಿದ್ದ ಮಾರ್ಗ ಬಾಗಲು ಒಪ್ಪಿತು. ಆ ವರ್ಷ ತಿಮ್ಮಕ್ಕನಿಗೆ ಪದ್ಮಶ್ರೀ ಬಂದಿತ್ತು, ದೇಶವೇ ನೋಡುತ್ತಿತ್ತು. 2025ರ ನವೆಂಬರ್‌ನಲ್ಲಿ ತಿಮ್ಮಕ್ಕ ಅಗಲಿದಾಗ ಸರ್ಕಾರದ ಗೌರವವೂ ಸಂದಿತು. ಪದ್ಮಶ್ರೀ ಬಾರದವರು ನೆಟ್ಟ ಮರಗಳಿಗೆ, ತುಳಿದ ಹಾದಿಗಳಿಗೆ ಬಾಗುವ ರಸ್ತೆ ಯಾವುದು?

ಬಾಗಿಸಬೇಕಾದರೆ ಕೆಲಸ ಮುಂಚೆ ಆಗಬೇಕು. 21 ದಿನಗಳ ನೋಟೀಸು ಬರುವಷ್ಟರಲ್ಲಿ ಮಾರ್ಗ ನಿಶ್ಚಯವಾಗಿರುತ್ತದೆ; ಅದಕ್ಕೂ ಹಿಂದಿನ ವಿವರವಾದ ಯೋಜನಾ ವರದಿಯ ಹಂತದಲ್ಲಿಯೇ ಪಂಚಾಯಿತಿ ಮಾತನಾಡಬೇಕು. ಊರಿನ ಹತ್ತಿರ ಯಾರೋ ಉಪಕರಣ ನೆಟ್ಟು ಅಳೆಯುತ್ತಿದ್ದಾರೆಂದರೆ ಅದೇ ಮೊದಲ ನೋಟೀಸೆಂದು ತಿಳಿಯಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಮಾರ್ಗದ ನಕ್ಷೆ, ಮೋರಿಗಳ ಪಟ್ಟಿ, ಸರ್ವಿಸ್ ರಸ್ತೆ ಎಲ್ಲೆಲ್ಲಿ ತುಂಡಾಗುತ್ತದೆಂಬ ವಿವರ, ಧರೆ ಕಡಿಯುವ ಕೋನ ಇಷ್ಟನ್ನು ಕೇಳಬಹುದು. ಕಾಲೇಜಿನ ವಿದ್ಯಾರ್ಥಿಗಳಿಗೆ ಇಲ್ಲಿ ನಿಜವಾದ ಕೆಲಸವಿದೆ. ಆಷಾಢದ ಮಳೆಯಲ್ಲಿ, ನೀರು ತನ್ನ ದಾರಿಯನ್ನು ತಾನೇ ತೋರಿಸುತ್ತಿರುವಾಗ, ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಉದ್ದೇಶಿತ ಮಾರ್ಗದ ಮೇಲೆ ನಡೆಯಬೇಕು. ಪ್ರತಿಯೊಂದು ಹಳ್ಳ, ತೋಡು, ಅಗಳು, ದನದ ಹಾದಿ, ಶಾಲೆಯ ಹಾದಿ, ಹೆಣ ಹೊರುವ ಹಾದಿಯನ್ನು ಸರ್ವೆ ನಂಬರಿನೊಡನೆ ಬರೆದುಕೊಳ್ಳಬೇಕು. ಆ ಪಟ್ಟಿ ಗ್ರಾಮಸಭೆಯಲ್ಲಿ ಠರಾವಾಗಬೇಕು. 3ಎ ಪ್ರಕಟಣೆ ಬಂದ ದಿನ, ಭೂಮಿ ಕಳೆದುಕೊಳ್ಳುವ ಒಬ್ಬ ರೈತನಾದರೂ ತನ್ನ ಆಕ್ಷೇಪಣೆಗೆ ಅದನ್ನು ಲಗತ್ತಿಸಬೇಕು. ಹಾದಿ ಕಳೆದುಕೊಳ್ಳುವವರ ಮಾತು ಕಡತದೊಳಗೆ ಹೋಗಲು ಅಲ್ಲಿ ಅವನೊಬ್ಬನೇ ಬಾಗಿಲು. ಅರ್ಜಿಯನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು, ರಸೀತಿಯನ್ನು ಪಂಚಾಯಿತಿಯಲ್ಲಿ ಒಂದು, ಮನೆಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳಬೇಕು.